ಮುಂದೆ ಒಂದು ಹಲ್ಲು ಕಮ್ಮಿ

ಹದಿನಾಲ್ಕು ತೆಗೆದು ಹದಿಮೂರು ಹಾಕು ಅಂದೆ.
ಇನಾಸ್ ನಕ್ಕ. ಅವನಿಗೂ ಮುಂದಿನ ಹಲ್ಲು ಒಂದಿಲ್ಲ;
ಎರಡು ವರ್ಷದ ಹಿಂದೆ ಸ್ಪ್ಯಾನರ್ ಜಾರಿ
ತನ್ನದನ್ನು ತಾನೇ ಬಿಚ್ಚಿಕೊಂಡವನು.

"ಮೈಲೇಜ್ ಹೋಗ್ತದೆ ಮಾರಾಯ್ತಿ.
ಚಕ್ರದ ಒಂದೊಂದು ಸುತ್ತಿಗೂ ಎಂಜಿನ್ನು
ಇನ್ನೊಂದಿಷ್ಟು ತಿರುಗಬೇಕು. ಬಲ ಬರುವುದೂ ಅಲ್ಲಿಂದಲೇ,
ದುಡ್ಡು ಹೋಗುವುದೂ ಅಲ್ಲಿಂದಲೇ.
ಆಮೇಲೆ ನನ್ನ ಬೈಬೇಡ."

ಬೈಯುವುದಿಲ್ಲ ಅಂದೆ. ಚೈನಿಗೆ ಎಣ್ಣೆ ಬಿಟ್ಟ,
ಹಳೆಯ ಹಲ್ಲುಚಕ್ರ ಪೇಪರಿನಲ್ಲಿ ಸುತ್ತಿ ಕೈಗೆ ಕೊಟ್ಟ,
ಹೆರಿಗೆಯಾದವಳಿಗೆ ಕೂಸು ಕೊಟ್ಟ ಹಾಗೆ.

ತದಡಿ ಧಕ್ಕೆಯಲ್ಲಿ ನಸುಕಿನ ನಾಲ್ಕಕ್ಕೆ
ಬಂಗಡೆ, ತಾರ್ಲೆ, ಅದೃಷ್ಟವಿದ್ದರೆ ಎರಡು ಇಶ್ವಾಣ;
ಐಸಿನ ಮೇಲೆ ಮೀನು, ಮೀನಿನ ಮೇಲೆ ಐಸು,
ಪೆಟ್ಟಿಗೆ ಎಪ್ಪತ್ತು ಕಿಲೋ, ನಾನು ಐವತ್ತೆಂಟು.
ಮಿರ್ಜಾನ್, ದಿವಗಿ, ಕತಗಾಲ:
ಅಲ್ಲಿಯತನಕ ಗಾಡಿಗೆ ನನ್ನ ನೆನಪೇ ಇರುವುದಿಲ್ಲ.
ದೇವಿಮನೆ ಘಟ್ಟ ಶುರುವಾಗುವಲ್ಲಿ
ನೆನಪಾಗುತ್ತದೆ.

ಮೊದಲು ಮೂರನೆಯದರಲ್ಲಿ ಉಸಿರು ಕಟ್ಟುತ್ತಿತ್ತು,
ಎರಡಕ್ಕಿಳಿಸಿದರೆ ಬೊಬ್ಬೆ.
ನನಗೆ ಬೇಕಿದ್ದದ್ದು ಅವೆರಡರ ನಡುವಿನದು;
ಕಂಪನಿಯವರು ಅದನ್ನು ಮಾಡಿರಲೇ ಇಲ್ಲ.
ಅರ್ಧ ಹಿಡಿದ ಕ್ಲಚ್ಚು, ತಿರುವು ತಿರುವಿಗೂ ಕರಕಲು ವಾಸನೆ.
ಸಿರಸಿಯಲ್ಲೊಬ್ಬಳು ಮೂಗು ಮುಚ್ಚಿ ಕೇಳಿದ್ದಳು:
"ಏನು, ಮೀನು ಸುಟ್ಟೇ ತಂದೆಯಾ?"

ಅವ್ವನಿಗೆ ಗೇರು ಗೊತ್ತಿಲ್ಲ.
ಬುಟ್ಟಿ ಹೊತ್ತು ದಿಬ್ಬ ಹತ್ತಿದ ಮೂವತ್ತು ವರ್ಷ ಗೊತ್ತು.
ಏರಿನಲ್ಲಿ ಹೆಜ್ಜೆ ಗಿಡ್ಡ ಮಾಡಬೇಕು,
ಉದ್ದ ಹೆಜ್ಜೆ ಹಾಕಿದವಳ ಸಿಂಬಿ ಜಾರುತ್ತದೆ, ಅನ್ನುತ್ತಿದ್ದಳು.
ಮೊದಲ ದಿನ ಹೊಸ ಹಲ್ಲಿನಲ್ಲಿ ಘಟ್ಟ ಏರುವಾಗ
ಮೂರನೆಯದೇ ಸಾಕಾಯಿತು. ಗಿಡ್ಡ ಗಿಡ್ಡ ಹೆಜ್ಜೆ.
ಕೈ ಕ್ಲಚ್ಚಿನ ಮೇಲೆ ಸುಮ್ಮನೆ ಕೂತಿತ್ತು,
ಕೆಲಸ ಕಳೆದುಕೊಂಡವನ ಕೈಯ ಹಾಗೆ.

ಬಯಲಿನ ಕಥೆ ಬೇರೆ.
ಖಾಲಿ ಪೆಟ್ಟಿಗೆ ಕಟ್ಟಿಕೊಂಡು ಹೈವೇಗೆ ಬಂದರೆ
ಐವತ್ತೈದು ದಾಟುವ ಮೊದಲೇ ಕೂಗಾಟ,
ಪೆಡಲಿನಡಿ ಅಂಗಾಲು ಜುಮ್ಮೆನ್ನುತ್ತದೆ.
ಇಲ್ಲದ ಐದನೇ ಗೇರಿಗೆ ಕಾಲು ತಡಕುತ್ತದೆ,
ದಿನಾ ತಡಕುತ್ತದೆ, ದಿನಾ ನಾಚುತ್ತದೆ.
ಹಿರೇಗುತ್ತಿಯ ಹತ್ತಿರ ಮರಳಿನ ಲಾರಿ ಹಿಂದಿಕ್ಕಿ ಹೋಗುವಾಗ
ಕ್ಲೀನರ್ ಹುಡುಗ ಕೈ ಬೀಸಿದ.

ಹಿಸಾಬಿನ ಪಟ್ಟಿಯಲ್ಲಿ ಬರೆದಿಟ್ಟಿದ್ದೇನೆ:
ಹೋಗುವಾಗ ಸ್ವಲ್ಪ ಉಳಿತಾಯ, ಬರುವಾಗ ಅದಕ್ಕಿಂತ ಹೆಚ್ಚು ನಷ್ಟ,
ಕೂಡಿ ಕಳೆದರೆ ದಿನಕ್ಕೆ ನೂರು ಎಮ್ಮೆಲ್ ಜಾಸ್ತಿ.
ಒಂದು ಚಾ ಲೋಟದಷ್ಟು.

ಘಟ್ಟದ ಅರ್ಧದಲ್ಲಿ ಬೊಮ್ಮು ಗೌಡನ ಅಂಗಡಿಯಿದೆ.
ಎಂಜಿನ್ನು ತಣಿಯಲೆಂದು ನಿಲ್ಲಿಸಿ
ಅಲ್ಲಿ ದಿನಾ ಒಂದು ಚಾ ಕುಡಿಯುತ್ತಿದ್ದೆ.
ಈಗ ತಣಿಸುವಂಥದ್ದೇನೂ ಇಲ್ಲ.
ನನ್ನ ಪಾಲಿನ ಲೋಟ ಗಾಡಿ ಕುಡಿಯುತ್ತದೆ.
ಅವನು ಒಲೆಯ ಹತ್ತಿರ ಎದ್ದು ನಿಲ್ಲುತ್ತಾನೆ,
ನಾನು ಹಾರ್ನ್ ಹೊಡೆಯುತ್ತೇನೆ,
ಎಳೆಯುತ್ತಿರುವ ಗಾಡಿಯನ್ನು ಯಾರು ನಿಲ್ಲಿಸುತ್ತಾರೆ?

ನಿನ್ನೆ ಇಳಿಯುವಾಗ ನಿಲ್ಲಿಸಿದೆ.
"ನನ್ನ ಚಾ ಕಹಿಯಾಯ್ತೇನೇ?" ಅಂದ.
ಹಲ್ಲಿನ ಲೆಕ್ಕ ಹೇಳಿದೆ. ಪೂರ್ತಿ ಕೇಳಿ
ಸಕ್ಕರೆ ಒಂದು ಚಮಚ ಹೆಚ್ಚೇ ಹಾಕಿದ.
ದುಡ್ಡು ತಗೊಂಡ.

ಜೂನಿನಲ್ಲಿ ಬೋಟು ಕಟ್ಟಿದ ಮೇಲೆ ಒಣಮೀನಿನ ವ್ಯಾಪಾರ.
ಹಗುರ ಹೊರೆ, ಬಯಲೂರು. ಆಗ ಇನಾಸನ ಹತ್ತಿರ
ಹದಿನಾಲ್ಕನ್ನೇ ಮತ್ತೆ ಹಾಕಿಸಬೇಕು.
ಅಲ್ಲಿಯತನಕ ಅದು ನಮ್ಮ ಜಗುಲಿಯಲ್ಲಿದೆ:
ಅವ್ವ ಅದರ ಮೇಲೆ ಬಿಸಿ ಲೋಟ ಇಡುತ್ತಾಳೆ,
ಎಣ್ಣೆ ವಾಸನೆ ಅಂತ ಬೈಯುತ್ತಾಳೆ,
ಮತ್ತೆ ಅಲ್ಲೇ ಇಡುತ್ತಾಳೆ.