ಪುಂಡಿ ನಾರು

ಸೊರಬದಲ್ಲಿ ಬಸ್ಸು ಹತ್ತುವಾಗ ಗುತ್ಯಮ್ಮನ ಚೀಲದಲ್ಲಿ
ಎಲೆಯಡಿಕೆ ಸಂಚಿ, ಹಸಿರು ಬಾಟಲಿಯಲ್ಲಿ ನೀರು,
ಹಳೇ ಪಂಚೆಯ ಚೂರಿನಲ್ಲಿ ಸುತ್ತಿದ ನಾಕು ಪುಂಡಿ ನಾರಿನ ಕುಂಚ.
"ದೂರದೋರು. ಬರಿಗೈಲಿ ಹೋಗ್ಬಾರ್ದು."
ಡ್ರಾಯಿಂಗ್ ಮೇಷ್ಟ್ರ ಚೀಲದಲ್ಲಿ, ಅಂದರೆ ನನ್ನದರಲ್ಲಿ,
ಇಲಾಖೆಯ ಪತ್ರ, ಎರಡು ಪ್ರತಿ.

ಶಿರಸಿಯಲ್ಲಿ ಇಳಿದು ಹತ್ತಿ, ಗುಡ್ಡ ಮುಗಿದು,
ಮುಂಡಗೋಡಿನಾಚೆ ಕ್ಯಾಂಪಿನ ತಿರುವಿನಲ್ಲಿ ಮತ್ತೆ ಇಳಿದೆವು.
ಉತ್ತು ಬಿಟ್ಟ ಜೋಳದ ಹೊಲ.
ಮರದಿಂದ ಮರಕ್ಕೆ ಬಣ್ಣದ ಬಾವುಟಗಳ ದಾರ.
"ಯಾರ ಮನೇಲಿ ಮದ್ವೆಯೋ?"

ಕೇಂದ್ರವೆಂದರೆ ಉದ್ದನೆಯ ತಗಡಿನ ಷೆಡ್ಡು.
ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡ ಇಂಗ್ಲಿಷು
ಗಂಟಲಿಗೆ ಬರುವಷ್ಟರಲ್ಲಿ ಬಾಗಿಲಿಗೆ ಬಂದ ಯಂಗ್ಜೋಮ್,
ಸೊಂಟಕ್ಕೆ ಕಟ್ಟಿದ ಪಟ್ಟೆಬಟ್ಟೆಗೆ ಕೈ ಒರೆಸುತ್ತ,
"ಬರ್ರಿ ಅವ್ವಾರ, ಕುಂದರ್ರಿ, ಬಿಸಲಾಗ ಬಂದೀರಿ" ಅಂದಳು.
ಗುತ್ಯಮ್ಮ ನನ್ನ ಕಿವಿಯಲ್ಲಿ:
"ಇವ್ಳು ಹುಬ್ಬಳ್ಳಿ ಕಡೆಯೋಳಲ್ದ ಮೇಷ್ಟ್ರೆ?"

ಮಗ್ಗದ ಮುಂದೆ ಆರು ಹೆಂಗಸರು.
ಕಬ್ಬಿಣದ ಸಲಾಕೆಗೆ ಉಣ್ಣೆ ಸುತ್ತಿ ಸುತ್ತಿ
ಸಾಲು ತುಂಬಿದ ಮೇಲೆ ಚಾಕುವಿನಿಂದ ಸರ್ರನೆ ಸೀಳಿದರೆ
ಸುರುಳಿಗಳೆಲ್ಲ ಒಮ್ಮೆಗೇ ಬಾಯ್ಬಿಟ್ಟು
ಸಿಂಹದ ಮೈಮೇಲೆ ಒಂದೆಳೆ ರೋಮ.
ಸಿಂಹದ ಹಿಂದೆ ಬೆಳ್ಳಗೆ ಶಿಖರ.
"ಹಿಮ ನೋಡಿದ್ದೀರಾ?" ಕೇಳಿದೆ. ಮೇಷ್ಟ್ರು ಕೇಳುವ ಪ್ರಶ್ನೆ.
"ನೋಡೀನ್ರಿ. ಫ್ರಿಜ್ಜಿನಾಗ."

ಗುತ್ಯಮ್ಮನಿಗೆ ಹಿಮವೂ ಬೇಡ, ಸಿಂಹವೂ ಬೇಡ.
ಬೆರಳು ಮಡಚುತ್ತ, ತುಟಿಯಲ್ಲೇ ಎಣಿಸುತ್ತ ಹೋಗಿ
ಬಾಲದ ಬುಡದಲ್ಲಿ ನಿಂತಳು.
"ಇಲ್ಲೊಂದೆಳೆ ತಪ್ಪಿದೆ."
ನಮೂನೆಯ ಕಾಗದ ತಂದರು. ಕನ್ನಡಕ ತಂದರು. ತಪ್ಪಿತ್ತು.
ಅದರ ಮೇಲೆ ಎರಡು ದಿನದ ನೇಯ್ಗೆ ಕೂತಿತ್ತು.
"ಇರಲಿ ಬಿಡಿ, ಅದೂ ಒಂದು ಚಂದ" ಎಂದೆ ನಾನು.
"ಬಿಚ್ಚು" ಎಂದಳು ಗುತ್ಯಮ್ಮ.
ಯಂಗ್ಜೋಮ್ ಅವಳನ್ನು ನೋಡಿದಳು, ನನ್ನನ್ನಲ್ಲ,
ನಗಲಿಲ್ಲ, ಎಳೆ ಕೀಳಲು ಕೂತಳು.

ಪಕ್ಕದ ಕೋಣೆಯಲ್ಲಿ ಛೋಫೆಲ್, ಮಾತು ಕಡಿಮೆ.
ಚೌಕಟ್ಟಿಗೆ ಹೊಲಿದ ಬಟ್ಟೆ, ಸೀಮೆಸುಣ್ಣ ಬಳಿದು ಉಜ್ಜಿದ್ದು,
ಅದರ ಮೇಲೆ ಸೀಸದ ಕಡ್ಡಿಯಲ್ಲಿ ಅಡ್ಡ, ಉದ್ದ, ಓರೆ ಗೆರೆ,
ಗೆರೆಗಳ ನಡುವೆ ಕಣ್ಣಿಲ್ಲದೆ ಕೂತ ದೇವತೆ.
"ಈ ಗೆರೆ ಎಲ್ಲ ಆಮೇಲೆ ಎಲ್ಲಿಗೆ ಹೋಗ್ತವೆ?"
"ಬಣ್ಣದ ಕೆಳಗೆ."
"ನಮ್ಮಲ್ಲಿ ಅವೇ ಚಿತ್ತಾರ" ಎಂದಳು,
ತನ್ನದೇ ಮಾತಿಗೆ ತಾನೇ ಬೆಚ್ಚಿದವಳಂತೆ ಸುಮ್ಮನಾದಳು.
ಆಮೇಲೆ ಹೇಳಿದಳು, ಕೆಮ್ಮಣ್ಣು ಬಳಿದ ಗೋಡೆಯ ವಿಷಯ,
ಮಗ ಅದಕ್ಕೆ ಆಯಿಲ್ ಪೇಂಟ್ ಹೊಡೆಸಿದ ಮೇಲೆ
ಅಕ್ಕಿ ಹಿಟ್ಟು ನಿಲ್ಲದೆ ಜಾರುವ ವಿಷಯ,
ಈಗ ಪ್ಲೈವುಡ್ಡಿನ ಹಲಗೆ, ಎರಡಡಿಗೆ ಎರಡಡಿ.

ಪಂಚೆಯ ಚೂರು ಬಿಚ್ಚಿ ಕುಂಚ ಕೊಟ್ಟಳು.
ಛೋಫೆಲ್ ಮೂಸಿ ನೋಡಿದ. "ಯಾವ ಪ್ರಾಣಿ?"
"ಪ್ರಾಣಿ ಅಲ್ದೋ ಮಾರಾಯ, ಪುಂಡಿ."
"ಪುಂಡಿ?" ಬಾಗಿಲಿಂದ ಯಂಗ್ಜೋಮ್ ಕೂಗಿದಳು,
"ಪುಂಡಿಪಲ್ಲೆ ಏನ್ರಿ? ರೊಟ್ಟಿ ಜೋಡಿ ತಿಂತೀವ್ರಿ ನಾವು!"
ಅರವತ್ತು ವರ್ಷದಿಂದ ಕ್ಯಾಂಪಿನಲ್ಲಿ ಎಲ್ಲರೂ
ಕುಂಚವನ್ನು ಚಿಗುರಲ್ಲೇ ಕಿತ್ತು ತಿಂದಿದ್ದರು.

ಬದಲಿಗೆ ಅವನು ಕೊಟ್ಟದ್ದು ಬೆಕ್ಕಿನ ಬಾಲದ ಕುಂಚ.
"ಹಿಟ್ಟಿಗೆ ಆಗದು, ಮೆತ್ತಗೆ" ಎಂದು ಬಸ್ಸಿನುದ್ದಕ್ಕೂ ಗೊಣಗಿ,
ಅಂಗೈಮೇಲೆ ಉಗುಳು ಅದ್ದಿ ಗೆರೆ ಎಳೆಯುತ್ತಲೇ ಬಂದಳು.

ಇಲಾಖೆಯ ನಮೂನೆಯಲ್ಲಿ ‘ಭೇಟಿಯಿಂದಾದ ಪ್ರಯೋಜನ’
ಎಂಬ ಕಾಲಂ ಇನ್ನೂ ಖಾಲಿ ಬಿಟ್ಟಿದ್ದೇನೆ.

ದೀಪಾವಳಿಯ ಮಾರನೇ ದಿನ ಯಂಗ್ಜೋಮಳ ಫೋನು.
ಷೆಡ್ಡಿನ ಹಿಂದೆ ಒಂದು ಸಾಲು ಪುಂಡಿ
ಸೊಪ್ಪು ಕೀಳದೆ ಬಿಟ್ಟಿದ್ದಾರಂತೆ.
ಆಳೆತ್ತರವಂತೆ, ಹಳದಿ ಹೂವಂತೆ.
ಕಾಂಡ ನೀರಲ್ಲಿ ಎಷ್ಟು ದಿನ ಕೊಳೀಬೇಕು,
ಅವ್ವಾರನ್ನ ಕೇಳಿ ಹೇಳ್ರಿ.

ಕೇಳಿದೆ.
"ದಿನ ಹೇಳಕ್ಕೆ ಬರಲ್ಲ, ಕೈ ಹಾಕಿ ನೋಡ್ಬೇಕು"
ಎಂದಳು ಗುತ್ಯಮ್ಮ, ಸಂಚಿ ಹುಡುಕುತ್ತ.
"ಬಸ್ಸು ಎಷ್ಟೊತ್ತಿಗೆ?"