ಶುಭ ಕೋರುವವರು

ಮಂಡ್ಯದ ವಿ.ವಿ. ರಸ್ತೆ ಹಿಂದಿನ ಗಲ್ಲಿ,
ಜವರೇಶಣ್ಣನ ಫ್ಲೆಕ್ಸ್ ಅಂಗಡಿ.
ಹಗಲೆಲ್ಲ ನಾನು ಮುಖ ಕತ್ತರಿಸುತ್ತೇನೆ.
ಹುಟ್ಟುಹಬ್ಬದ ಮುಖ, ಗೆದ್ದ ಮುಖ,
ಮುಂದಿನ ಸಲ ಗೆಲ್ಲಬಹುದಾದ ಮುಖ.
ಕಿವಿಯ ಸುತ್ತ ನಿಧಾನ ಮೌಸು ಓಡಿಸಿ
ಹಿಂದಿನ ಗೋಡೆ, ಕ್ಯಾಲೆಂಡರು, ಯಾರದೋ ಹೆಗಲು
ಎಲ್ಲ ಅಳಿಸಿ
ಆಕಾಶಕ್ಕೆ ಅಂಟಿಸುತ್ತೇನೆ.
‘ವಸಿ ಬೆಳ್ಳಗೆ ಮಾಡವ್ವ’ ಅನ್ನುತ್ತಾರೆ.
ಮಾಡುತ್ತೇನೆ. ಬಿಳುಪಿಗೆ ಬೇರೆ ಚಾರ್ಜಿಲ್ಲ.

ರಾತ್ರಿ ಷಟರು ಅರ್ಧ ಇಳಿದ ಮೇಲೆ
ಕಂಪ್ಯೂಟರು ನನ್ನದು.
ಫೋನನ್ನು ಅಂಟಿನ ಡಬ್ಬಕ್ಕೆ ಒರಗಿಸಿ
ಟೈಮರ್ ಇಟ್ಟು ಓಡಿ ಬಂದು ಕೂರುತ್ತೇನೆ, ಏದುಸಿರಲ್ಲೇ.
ಮೈಸೂರಿನ ಕಾಲೇಜಿನಲ್ಲಿ ಮೇಷ್ಟ್ರು
ಕನ್ನಡಿ ಮುಂದೆ ಕೂರಿಸಿ ಇದ್ದಿಲು ಕೊಟ್ಟು
‘ನಿನ್ನನ್ನೇ ಬರಿ’ ಅಂದಿದ್ದರು.
ಮೂಗಿನ ಹತ್ತಿರ ನಿಂತುಬಿಟ್ಟೆ.
ಎಷ್ಟು ಸಲ ಬರೆದರೂ
ಹಲಗೂರಿನ ಸೋದರತ್ತೆಯ ಮೂಗೇ ಬರುತ್ತಿತ್ತು.

ಈಗ ಹೆದರಿಕೆಯಿಲ್ಲ. ಕಂಟ್ರೋಲ್ ಝಡ್ ಇದೆ.
ಮಾಜಿ ಸದಸ್ಯರೊಬ್ಬರ ಮೀಸೆ ಎತ್ತಿ
ನನ್ನ ತುಟಿಯ ಮೇಲಿಟ್ಟೆ. ಕೂತಿತು.
ಅವರಿಗಿಂತ ನನಗೇ ಚೆನ್ನಾಗಿ ಕೂತಿತು.
ಯಾರದೋ ಮೈಸೂರು ಪೇಟ, ಯಾರದೋ ಕೂಲಿಂಗ್ ಗ್ಲಾಸು;
ಅದರ ಗಾಜಿನಲ್ಲಿ ಫೋಟೋ ತೆಗೆದವನ ಪುಟಾಣಿ ನೆರಳು,
ಅದನ್ನೂ ಅಳಿಸಲಿಲ್ಲ.
ಎಲ್ಲರನ್ನೂ ಬೆಳಗಿಸುವ ಆ ಗೀಟನ್ನು
ನನ್ನ ಮುಖಕ್ಕೆ ಬಂದಾಗ ಹಿಂದಕ್ಕೆಳೆದೆ:
ಜೋನಿ ಬೆಲ್ಲವಾದೆ,
ಇನ್ನೂ ಎಳೆದೆ,
ಆಲೆಮನೆ ಕೊಪ್ಪರಿಗೆಯ ತಳವಾದೆ,
ಹಲ್ಲು ಮಾತ್ರ ಉಳಿಯಿತು, ನಗುತ್ತಾ.

ಹದಿನೈದು ರಾತ್ರಿ ಬೇಕಾಯಿತು.
‘ಶುಭ ಕೋರುವವರು’ ಎಂದು ಬರೆದು
ಇಪ್ಪತ್ತನಾಲ್ಕು ದುಂಡು ಎಳೆದೆ,
ಇಪ್ಪತ್ತನಾಲ್ಕರಲ್ಲೂ ನಾನೇ.
ಒಬ್ಬಳಿಗೆ ಹಲ್ಲುನೋವು,
ಒಬ್ಬಳು ಸಾಲ ಕೇಳಲು ಬಂದವಳ ಹಾಗೆ,
ಒಬ್ಬಳಿಗೆ ನಗು ಬಂದು ಅರ್ಧಕ್ಕೇ ನಿಂತಿದೆ,
ಹದಿನೇಳನೆಯವಳು ಕಣ್ಣು ಮುಚ್ಚಿದ್ದಾಳೆ,
ಯಾವ ಗುಂಪಿನಲ್ಲೂ ಒಬ್ಬಳು ಮುಚ್ಚಿರುತ್ತಾಳಲ್ಲ, ಅವಳು.

ನಡುವಿನ ಜಾಗ ಮಾತ್ರ ಖಾಲಿ.
ಯಾರ ಹುಟ್ಟುಹಬ್ಬವೆಂದು ನನಗೂ ಗೊತ್ತಿರಲಿಲ್ಲ.
ಒಂದು ರಾತ್ರಿ ಟೈಮರ್ ಇಟ್ಟು ಮರೆತು
ಸ್ಟೂಲಿನಿಂದ ಆ ಕಡೆಗೆ ತಿರುಗಿದ್ದೆ.
ಕ್ಲಿಕ್.
ಮೂವತ್ತೊಂದು ವರ್ಷದಲ್ಲಿ ಮೊದಲ ಸಲ
ನನ್ನ ಬೆನ್ನು ನೋಡಿದೆ.
ಜಡೆ, ಜಡೆಯಲ್ಲೊಂದು ಪಿನ್ನು, ಕುತ್ತಿಗೆಯ ಮಚ್ಚೆ
(ಇದೆಯೆಂದು ಯಾರೂ ಹೇಳಿರಲಿಲ್ಲ).
ಅದನ್ನೇ ನಡುವಿಗಿಟ್ಟೆ.
ರೋಲಿನ ತುದಿ ಆರಡಿ ಉಳಿದಿತ್ತು. ಒತ್ತಿದೆ.

ಬೆಳಿಗ್ಗೆ ಜವರೇಶಣ್ಣ ಹರಡಿಕೊಂಡು ನಿಂತಿದ್ದರು:
‘ಯಾರವ್ವ ಇವ್ರು?’
‘ಸ್ಯಾಂಪಲ್ಲು, ಅಣ್ಣ.’
‘ಎಲ್ಲಾ ಒಂದೇ ತರ ಅವ್ರಲ್ಲ, ಅಕ್ಕತಂಗೀರಾ?’
ನನ್ನತ್ತ ನೋಡಿದರು, ಫ್ಲೆಕ್ಸಿನತ್ತ ನೋಡಿದರು,
ಸುರುಳಿ ಸುತ್ತಿ ವೇಸ್ಟಿನ ಮೂಲೆಗೆ ಒಗೆದರು.
ಅಲ್ಲಿಂದ ನಲವತ್ತು ರೂಪಾಯಿಗೆ ಅದು ಹೋಯಿತು.

ಮತ್ತೆ ಸಿಕ್ಕಿದ್ದು ಏಪ್ರಿಲ್‌ನಲ್ಲಿ,
ಷುಗರ್ ಫ್ಯಾಕ್ಟರಿ ರಸ್ತೆಯ ಎಳನೀರಿನ ಗಾಡಿಯ ಪಕ್ಕ
ಪಡುವಣ ಬಿಸಿಲಿಗೆ ಅಡ್ಡ ಕಟ್ಟಿದ್ದ.
ಹದಿನೇಳನೆಯವಳ ಮುಚ್ಚಿದ ಕಣ್ಣಿಗೆ ತೂತು ಹೊಡೆದು
ಹಗ್ಗ ಪೋಣಿಸಿ ಬೇವಿನ ಕೊಂಬೆಗೆ ಬಿಗಿದಿದ್ದ.
ನನ್ನ ಜಡೆಯ ನೆರಳಲ್ಲಿ ನಿಂತು ಕೇಳಿದೆ,
‘ಯಾರು ಇವರೆಲ್ಲ?’
‘ಯಾರೋ ದೊಡ್ಡೋರು ಕಣವ್ವ.
ಇಷ್ಟು ಜನ ವಿಶ್ ಮಾಡ್ತಾವ್ರೆ,
ಆಯಮ್ಮ ತಿರುಗೂ ನೋಡ್ನಿಲ್ಲ.
ಗಂಜಿ ಇರದಾ, ನೀರಿರದಾ?’

ಕುಡಿದು, ಆಯಮ್ಮನ ಮುಖ ನೋಡೋಣವೆಂದು
ಆ ಬದಿಗೆ ಸುತ್ತಿ ಬಂದೆ.
ಬರೀ ಬಿಳಿ. ಬಿಸಿಲು. ಸಾಲಾಗಿ ಇರುವೆ.
ಕೆಳಮೂಲೆಯಲ್ಲಿ ಇದ್ದಿಲಲ್ಲಿ ಅವನ ಲೆಕ್ಕ:
ನಲವತ್ತು, ಮೂವತ್ತೈದು, ಬಾಕಿ ಹನ್ನೆರಡು.
ಇದ್ದಿಲ ಚೂರು ಅಲ್ಲೇ ಕಲ್ಲಿನ ಮೇಲಿತ್ತು.

ಲೆಕ್ಕ ಅಳಿಸದ ಹಾಗೆ, ಪಕ್ಕದಲ್ಲಿ
ಮೂಗೊಂದನ್ನು ಎಳೆದೆ.
ಸೋದರತ್ತೆಯದೇ ಬಂತು.