ಬಾಜೂ ಕನ್ನಡಿ

ಪುಣೆ ಡಾಕ್ಟರು ಎರಡು ಸಲ ಆಫ್ರಿಕಾ ನೋಡಿ ಬಂದವರು.
ಕ್ಯಾಮೆರಾಕ್ಕ ಟವೆಲ್ ಸುತ್ತಿ ತೊಡಿ ಮ್ಯಾಲ ಮಲಗಿಸಿಕೊಂಡಿದ್ರು,
ಬಾಣಂತಿ ಕೂಸು ಹಿಡದಂಗ.
ಅಕ್ಕಲಕೋಟಿ ಸ್ಟ್ಯಾಂಡ್ ಬಿಟ್ಟಾಗ ನಾಕೂವರಿ,
ಚಹಾದಂಗಡಿಯವ ಇನ್ನಾ ಬೂದಿ ಕೆದರತಿದ್ದ.

ದಾರಿ ತುಂಬ ಅವರದ ಮಾತು:
ಅಲ್ಲಿ ಹುಲ್ಲು ಎದಿಮಟ,
ಲಕ್ಷ ಪ್ರಾಣಿ ಒಂದ ಹೊಳಿ ದಾಟ್ತಾವ,
ದಂಡಿಗೆ ಮೊಸಳಿ ಕಾಯಕೋತ ಕುಂತಿರ್ತಾವ,
ಹೆಣ್ಣು ಸಿಂಹ ಒಂದು ಗಾಡಿ ನೆರಳಿಗೆ ಬಂದು
ಮಲಕೊಂಡಿತ್ತು ನೋಡು ದಸ್ತಗೀರ, ಮನಿ ನಾಯಿ ಹಂಗ.

ಹೂಂ ಅಂದೆ. ಗೇರ್ ಬದಲಿಸಿದೆ.
ದಸರಾ ಮುಗದ ಮ್ಯಾಲ ನಮ್ಮ ಹೊಳಿ ದಾಟೂ ಹಿಂಡಂದ್ರ
ಕಬ್ಬು ಕಡಿಯೋ ಗ್ಯಾಂಗು, ಕೂಸು ಕುನ್ನಿ ಕೋಳಿ ಸಮೇತ.
ಮೊಸಳಿ ಅಂದ್ರ ಮುಕಾದಮ.
ಇದನ್ನ ಮರಾಠಿಯೊಳಗ ಹ್ಯಾಂಗ ಹೇಳೂದು ಗೊತ್ತಿತ್ತು,
ಹೇಳಲಿಲ್ಲ.

ಲಗಮವ್ವನ ಹಟ್ಟಿ ಕತ್ತಲಾಗ ದಾಟಿತು.
ಬಲಿಯೊಳಗ ಕುರಿ ಕೆಮ್ಮಿದ ಸಪ್ಪಳ.
ಹೋದ ವಾರ ಆಕಿದು ಒಂದು ಮರಿ ಹೋತು.
ಪಂಚನಾಮಕ್ಕ ಬಂದವ ಫೋಟೋ ಎಲ್ಲಿ ಅಂದನಂತ.
ಈಕಿ: ತೋಳಕ್ಕ ನಿಂದ್ರು, ನಗು ಅನ್ಲೇನು?

ಮಾಳ ಒಮ್ಮೆಲೆ ಬೆಳಗಾಗಂಗಿಲ್ಲ.
ಮೊದಲ ಕೋಡು ಕಾಣ್ತಾವ, ಚಿಗರಿ ಆಮ್ಯಾಲ.
ಹಿಂಡಿದ ಧೋತರದಂಗ ತಿರುವಿದ ಕೋಡು;
ಕರಿ ಗಂಡು ಒಂದು ನಮ್ಮ ಕಡೆ ನೋಡಿ,
ಉಚ್ಚಿ ಹೊಯ್ದು, ಗಡಿ ಹಾಕಿ,
ತನ್ನ ಕೆಲಸಕ್ಕ ಹೋತು.
ನಲವತ್ತು ಫೋಟೋ. ‘ಛಂದ ಅದ,’ ಅಂದ್ರು,
‘ಮತ್ತೇನದ?’

ಜಾಲಿಗಿಡದ ದಿಬ್ಬಕ್ಕ ಒಯ್ದು ಇಂಜಿನ್ ಆರಿಸಿದೆ.
ಇಲ್ಲೇ ರೀ.
ಎರಿಭೂತ ಇಲ್ಲೇ ಕುಣೀತಿತ್ತು, ಬಿಳಿ ಗಂಟಲಾ ಉಬ್ಬಿಸಿ,
ನಾಕು ವರ್ಷದ ಹುಡುಗನಷ್ಟು ಎತ್ತರ,
ಖಾಲಿ ಕೊಡದಾಗ ಯಾರೋ ಹೂಂ ಅಂದಂಗ ದನಿ.
ನಮ್ಮಪ್ಪ ಗಾಡಿ ನಿಲ್ಲಿಸಿ, ಎತ್ತಿನ ಕೊಳ್ಳ ಗೆಜ್ಜಿ
ಮುಷ್ಟಿಯಾಗ ಹಿಡದು ನಿಲ್ತಿದ್ದ
ಅದರ ಕುಣಿತ ಮುಗಿಯೂತನಕ.
ನಾ ಕಡೀಕ ನೋಡಿದ್ದು ನಮ್ಮ ಸಾಯಿರಾ ಹುಟ್ಟಿದ ವರ್ಷ.
ಆಕಿ ಈಗ ಒಂಬತ್ತನೇತ್ತ.

ಡಾಕ್ಟರು ದುರ್ಬೀನು ಏರಿಸಿದ್ರು.
ಹುಲ್ಲು. ಗಾಳಿ. ಒಂದು ಗುಟಕಾ ಚೀಟು.
ಹತ್ತು ಮಿನಿಟು ಹಂಗ ನೋಡಿದ್ರು, ಅದು ಅವರ ದೊಡ್ಡತನ.
‘ಏನೂ ಇಲ್ಲಲ್ಲಾ?’
ಹೌದ್ರೀ, ಅಂದೆ.

ಅವಾಗ ಬಾಜೂ ಕನ್ನಡಿಯೊಳಗ ಬಂತು.
ನಡುವ ಸೀಳಿದ ಕನ್ನಡಿ; ಒಂದು ಚೂರಿನಾಗ ಮಾರಿ,
ಇನ್ನೊಂದರಾಗ ಬಾಲ.
ಹೋದ ವರ್ಷದ ಕಣಕಿ ಬಣ್ಣ. ಪಕ್ಕೆಲುಬು ಎಣಿಸಬಹುದಿತ್ತು,
ಹೊಟ್ಟಿ ಕೆಳಗ ಮೊಲಿ ಜೋತಿದ್ದವು.
ನಮ್ಮ ಹಿಂದಿನ ಗಾಲಿ ಮೂಸಿತು.
ಕನ್ನಡಿಯೊಳಗ ನನ್ನ ನೋಡಿತು,
ಇಲ್ಲಾ, ತನ್ನ.

ಸಾಹೇಬ್ರ, ಹಿಂದ...
ಇಷ್ಟ ಅನಬೇಕಿತ್ತು. ಐನೂರು ಹೆಚ್ಚಿಗಿ ಕೊಡತಿದ್ರು,
ಮುಂದಿನ ಐತವಾರ ಇಪ್ಪತ್ತು ಜೀಪು.
ನಾಲಿಗಿ ಎದ್ದಿತ್ತು.
ಯಾಕೋ ಮತ್ತ ಕುಂತಿತು.

ತಿರುಗಿ ಬರುವಾಗ ನೀರಿಗೆ ಹಟ್ಟಿ ಮುಂದ ನಿಂತ್ವಿ.
ಡಾಕ್ಟರು ಸಣ್ಣ ಪರದಾದಾಗ ಚಿಗರಿ ಆರಸ್ತಿದ್ರು.
‘ನೀ ಒಮ್ಮೆ ಆಫ್ರಿಕಾ ನೋಡಬೇಕೋ ದಸ್ತಗೀರ.’
ಲಗಮವ್ವ ಬಡಗಿಲೆ ನೆಲ ತೋರಿಸಿದಳು:
ನಸುಕಿನಾಗ ಹೋದ ನನ್ನ ಟಾಯರ್ ಗೆರಿ,
ಗೆರಿ ಮ್ಯಾಲ ಹೆಜ್ಜಿ, ಮತ್ತೊಂದು ಹೆಜ್ಜಿ,
ನಮ್ಮ ಬೆನ್ನ ಹಿಂದಿಂದ ಮಾಳದ ಕಡೆಗೆ.

ಕಂಡಿತೇನು ಅಂತ ಕೇಳಲಿಲ್ಲ ಆಕಿ.
‘ಮೊಲಿ ಇಳದಾವೇನೋ?’ ಅಂದಳು.
ಗೋಣು ಹಾಕಿದೆ.

ಹಿಂದ ಮುಂದ ನೋಡಿ, ಸೀರಿ ತುಸು ಎತ್ತಿಕೊಂಡು,
ಒಂದೊಂದ ಹೆಜ್ಜಿ ಚಪ್ಪಲಿಲೆ ಒರಸಕೋತ ಹೋದಳು,
ಮರಿ ಉಚ್ಚಿ ಹೊಯ್ದಲ್ಲಿ ಮಣ್ಣು ಎಳದಂಗ.